ವಕೀಲರಿಲ್ಲದೆ ಸಂರಕ್ಷಣಾ ಆದೇಶ: ಅರ್ಜಿಯಲ್ಲಿ ಏನು ಬರೆಯಬೇಕು, ಎಲ್ಲಿ ಎಡವುತ್ತಾರೆ

ರಾತ್ರಿ ಹನ್ನೊಂದರ ಹೊತ್ತು. ಯಾರೋ ಬಾಗಿಲು ಬಡಿಯುತ್ತಾರೆ. 112ಕ್ಕೆ ಕರೆ ಹೋಗುತ್ತದೆ, ಹೊಯ್ಸಳ ಗಾಡಿ ಬಂದು ನಿಲ್ಲುತ್ತದೆ. ಇಳಿದು ಬಂದ ಪೊಲೀಸರು ಕೇಳುತ್ತಾರೆ: 'ಕೋರ್ಟ್ ಆರ್ಡರ್ ಇದೆಯೇನಮ್ಮಾ?' ಕೈಗೆ ಕೊಟ್ಟ ಕಾಗದದಲ್ಲಿ 'ಎದುರುದಾರನು ಕೌಟುಂಬಿಕ ದೌರ್ಜನ್ಯ ಎಸಗಬಾರದು' ಎಂಬ ಒಂದೇ ಸಾಲಿದ್ದರೆ ಅವರು ತಲೆ ಕೆರೆದುಕೊಳ್ಳುತ್ತಾರೆ. ಬಾಗಿಲು ಬಡಿಯುವುದು ದೌರ್ಜನ್ಯವೋ ಅಲ್ಲವೋ? ಅದೇ ಕಾಗದದಲ್ಲಿ 'ಇಂಥ ವಿಳಾಸದ ಮನೆಗೆ ಬರಬಾರದು, ಫೋನ್, ಮೆಸೇಜ್ ಅಥವಾ ಮೂರನೆಯವರ ಮೂಲಕ ಸಂಪರ್ಕಿಸಬಾರದು' ಎಂದಿದ್ದರೆ ಪ್ರಶ್ನೆಯೇ ಏಳುವುದಿಲ್ಲ. ಈ ಎರಡು ಆದೇಶಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಹುಟ್ಟುವುದು ಅರ್ಜಿ ಬರೆದ ದಿನವೇ. ಕೇಳದೇ ಇದ್ದದ್ದನ್ನು ಕೋರ್ಟು ತಾನಾಗಿ ಕೊಡುವುದು ಅಪರೂಪ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆ ಕಾಯ್ದೆ, 2005 ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 12ನೇ ಕಲಮು ನೊಂದ ಮಹಿಳೆಯೇ ಅರ್ಜಿ ಹಾಕಬಹುದು ಎನ್ನುತ್ತದೆ. ಆಕೆಯ ಪರವಾಗಿ ಸಂರಕ್ಷಣಾಧಿಕಾರಿಯೋ ಬೇರೆ ಯಾರಾದರೂ ಒಬ್ಬರೋ ಹಾಕಬಹುದು. ವಕೀಲರ ಮೂಲಕವೇ ಬರಬೇಕೆಂಬ ಷರತ್ತಿಲ್ಲ. 2006ರ ನಿಯಮಗಳ ಜೊತೆ ಅರ್ಜಿಯ ನಮೂನೆಯೂ ಸಿದ್ಧವಾಗಿದೆ. ಅಷ್ಟಿದ್ದರೂ ಈ ದಾರಿ ಸಲೀಸಲ್ಲ.

ಯಾರು, ಯಾರ ಮೇಲೆ

ಹೆಂಡತಿಯರಿಗೆ ಮಾತ್ರ ಈ ಕಾಯ್ದೆ ಎಂಬ ತಪ್ಪು ತಿಳಿವಳಿಕೆ ಇದೆ. ರಕ್ತಸಂಬಂಧ, ಮದುವೆ, ಮದುವೆಯಂಥ ಸಂಬಂಧ, ದತ್ತು, ಇಲ್ಲವೇ ಅವಿಭಕ್ತ ಕುಟುಂಬ, ಇವುಗಳಲ್ಲಿ ಯಾವುದಾದರೂ ಒಂದರ ಮೂಲಕ ಒಂದೇ ಮನೆಯಲ್ಲಿ ಬಾಳಿದ ಹೆಣ್ಣು ಯಾರೇ ಆಗಲಿ ಅರ್ಜಿ ಹಾಕಬಹುದು. ಮಗನ ಮೇಲೆ ತಾಯಿ, ಅಣ್ಣನ ಮೇಲೆ ತಂಗಿ, ಮೈದುನನ ಮೇಲೆ ವಿಧವೆ ಅತ್ತಿಗೆ ಕೂಡ. ಈಗ ಒಟ್ಟಿಗೆ ಇರಲೇಬೇಕೆಂದೂ ಇಲ್ಲ. ಅರ್ಜಿ ಹಾಕುವ ದಿನ ಸಂಬಂಧ ಮುಗಿದುಹೋಗಿದ್ದರೂ ಹಿಂದೆ ಒಟ್ಟಿಗೆ ಇದ್ದದ್ದು ಸಾಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕಾಯ್ದೆಯ ಮೂಲ ಪಾಠದಲ್ಲಿ ಎದುರುದಾರ 'ವಯಸ್ಕ ಪುರುಷ' ಎಂದಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಎರಡು ಪದಗಳನ್ನು ತೆಗೆದುಹಾಕಿದ್ದರಿಂದ ಈಗ ಅತ್ತೆ, ನಾದಿನಿಯರ ಮೇಲೂ ನೇರವಾಗಿ ಅರ್ಜಿ ಹಾಕಬಹುದು. ಪಕ್ಕದ ಮನೆಯವನ ಕಾಟಕ್ಕೆ, ಕಚೇರಿಯ ಸಹೋದ್ಯೋಗಿಯ ಬೆದರಿಕೆಗೆ ಈ ಕಾಯ್ದೆ ನಡೆಯುವುದಿಲ್ಲ. ಗಂಡಸರು ಅರ್ಜಿ ಹಾಕುವಂತಿಲ್ಲ.

ಹೊಡೆತವೊಂದೇ ದೌರ್ಜನ್ಯವಲ್ಲ. ಲೈಂಗಿಕ ಹಿಂಸೆ, ಬೈಗುಳ, ಅವಮಾನ, ಬೆದರಿಕೆಗಳು ಸೇರುತ್ತವೆ. ಆರ್ಥಿಕ ಹಿಂಸೆಯೂ ಸೇರುತ್ತದೆ: ಮನೆಖರ್ಚಿಗೆ ದುಡ್ಡು ಕೊಡದಿರುವುದು, ಸಂಬಳ ಕಿತ್ತುಕೊಳ್ಳುವುದು, ಒಡವೆ ಅಡವಿಡುವುದು, ವಾಸದ ಮನೆಯಿಂದ ಹೊರಹಾಕುವುದು. ಈ ಆರ್ಥಿಕ ಹಿಂಸೆಯನ್ನು ಬಹಳ ಮಂದಿ ಅರ್ಜಿಯಲ್ಲಿ ಬರೆಯುವುದೇ ಇಲ್ಲ, ಅದು 'ಸಂಸಾರದ ಮಾತು' ಎಂದುಕೊಂಡು.

ಎಲ್ಲಿಗೆ ಹೋಗಬೇಕು

ಅರ್ಜಿ ಸಲ್ಲುವುದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ, ಅಂದರೆ ಊರಿನವರ ಬಾಯಲ್ಲಿ ಜೆಎಂಎಫ್‌ಸಿ ಕೋರ್ಟು. ಯಾವ ಊರಿನದು ಎಂಬುದರಲ್ಲಿ ಕಾಯ್ದೆ ಉದಾರವಾಗಿದೆ. ನೀವು ಈಗ ತಾತ್ಕಾಲಿಕವಾಗಿ ಉಳಿದುಕೊಂಡಿರುವ ಊರು, ನೀವು ಕೆಲಸ ಮಾಡುವ ಊರು, ಎದುರುದಾರ ಇರುವ ಊರು, ಘಟನೆ ನಡೆದ ಊರು, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಮುಂಬೈಯಲ್ಲಿ ಹೊಡೆತ ತಿಂದು ಹುಬ್ಬಳ್ಳಿಯ ತವರಿಗೆ ಬಂದವರು ಹುಬ್ಬಳ್ಳಿಯಲ್ಲೇ ಹಾಕಬಹುದು. ಆದೇಶ ದೇಶದ ಎಲ್ಲೆಡೆ ಜಾರಿಯಲ್ಲಿರುತ್ತದೆ. ತವರಿನಲ್ಲಿ ಇದ್ದೀರಿ ಎನ್ನುವುದಕ್ಕೆ ಆಧಾರ್ ವಿಳಾಸವೇ ಬೇಕಿಲ್ಲ. ಬಾಡಿಗೆ ಕರಾರು, ಮಕ್ಕಳ ಶಾಲೆಯ ಪತ್ರ, ಮನೆಯವರ ಪ್ರಮಾಣಪತ್ರ (ಅಫಿಡವಿಟ್), ಯಾವುದಾದರೂ ಒಂದು ಕಾಗದ ಜೊತೆಗಿರಲಿ.

ಕೋರ್ಟಿಗೆ ಹೋಗುವ ಮುನ್ನ ಭೇಟಿಯಾಗಬೇಕಾದವರು ಸಂರಕ್ಷಣಾಧಿಕಾರಿ. ಕರ್ನಾಟಕದ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಹೊಣೆ ಹೊತ್ತಿರುತ್ತಾರೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿ ಎಲ್ಲಿದೆ ಎಂದು ತಿಳಿಯುತ್ತದೆ. ಅವರು ಮಾಡಬೇಕಾದ ಕೆಲಸ ಕೌಟುಂಬಿಕ ಘಟನಾ ವರದಿ ತಯಾರಿಸುವುದು, ಅದು ನಮೂನೆ-1, ಎಲ್ಲರೂ ಡಿಐಆರ್ ಎನ್ನುವುದು ಅದನ್ನೇ. ಜೊತೆಗೆ ಅರ್ಜಿ ಬರೆಯಲು ನೆರವಾಗಬೇಕು. ಓದು ಬರಹ ಬಾರದವರಿಗೆ ಅರ್ಜಿಯನ್ನು ಓದಿ ಹೇಳಿ ಅರ್ಥ ಮಾಡಿಸಬೇಕೆಂದು ನಿಯಮವೇ ಇದೆ. ಇದಕ್ಕೆಲ್ಲ ಶುಲ್ಕವಿಲ್ಲ. ನೊಂದ ಮಹಿಳೆಯರಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರಗಳಲ್ಲೂ ನೆರವು ಸಿಗುತ್ತದೆ, ನೋಂದಾಯಿತ ಸೇವಾ ಸಂಸ್ಥೆಗಳೂ ಡಿಐಆರ್ ಬರೆಯಬಹುದು. ಮಹಿಳಾ ಸಹಾಯವಾಣಿ 181.

ಒಬ್ಬರೇ ಅಧಿಕಾರಿ ಅಂಗನವಾಡಿಯಿಂದ ಹಿಡಿದು ನೂರೆಂಟು ಯೋಜನೆ ನೋಡಿಕೊಳ್ಳುವಾಗ ಡಿಐಆರ್ ವಾರಗಟ್ಟಲೆ ಬಾಕಿ ಉಳಿಯುವುದುಂಟು. 'ಡಿಐಆರ್ ಇಲ್ಲದೆ ಅರ್ಜಿ ತಗೊಳ್ಳೋದಿಲ್ಲ' ಎಂದು ಕೋರ್ಟಿನ ಕೌಂಟರಿನಲ್ಲಿ ಹೇಳಿ ವಾಪಸ್ ಕಳಿಸುವುದೂ ಉಂಟು. ಇದು ಸರಿಯಲ್ಲ. ಅರ್ಜಿ ಮಹಿಳೆಯಿಂದ ನೇರವಾಗಿ ಬಂದಾಗ ಡಿಐಆರ್ ಕಡ್ಡಾಯವಲ್ಲ, ಬಂದಿದ್ದರೆ ಮಾತ್ರ ಕೋರ್ಟು ಅದನ್ನು ಗಮನಕ್ಕೆ ತೆಗೆದುಕೊಳ್ಳಬೇಕು ಎಂಬುದು ಮೇಲೆ ಹೇಳಿದ 2022ರ ತೀರ್ಪಿನಲ್ಲೇ ಸ್ಪಷ್ಟವಾಗಿದೆ. ಹಾಗೆಂದು ಡಿಐಆರ್ ಬೇಡವೆನ್ನಬೇಡಿ. ಮೊದಲ ದಿನವೇ ಏಕಪಕ್ಷೀಯ ಆದೇಶ, ಅಂದರೆ ಎದುರುದಾರನ ಮಾತು ಕೇಳುವ ಮುನ್ನವೇ ಕೊಡುವ ಆದೇಶ, ಕೇಳುವಾಗ ಸರ್ಕಾರಿ ಅಧಿಕಾರಿಯೊಬ್ಬರ ವರದಿ ಕಡತದಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ತುರ್ತಿದ್ದರೆ ಅರ್ಜಿ ಇಂದು ಹಾಕಿ, ವರದಿ ಆಮೇಲೆ ಬರಲಿ.

ಬರೆಯುವ ಕೆಲಸ

ಅರ್ಜಿ ನಮೂನೆ-2ರಲ್ಲಿ. ಅಕ್ಷರಶಃ ಅದೇ ಇರಬೇಕಿಲ್ಲ, ಹತ್ತಿರದಲ್ಲಿದ್ದರೆ ಸಾಕು. ಕನ್ನಡದಲ್ಲೇ ಬರೆಯಿರಿ. ನಮೂನೆಯಲ್ಲಿ ಪರಿಹಾರಗಳ ಪಟ್ಟಿ ಇದೆ, ಗುರುತು ಹಾಕುವಂತೆ. ಅಲ್ಲೇ ಮೊದಲ ಎಡವಟ್ಟಾಗುವುದು: ಎಲ್ಲಕ್ಕೂ ಗುರುತು ಹಾಕಿ, ವಿವರದ ಜಾಗದಲ್ಲಿ ಎರಡು ಸಾಲು ಗೀಚಿ ಕೊಡುತ್ತಾರೆ.

'ಮದುವೆಯಾದಾಗಿನಿಂದ ದೈಹಿಕ ಮತ್ತು ಮಾನಸಿಕ ಕಿರುಕುಳ ನೀಡುತ್ತಾ ಬಂದಿದ್ದಾರೆ.' ಇಂಥ ಸಾಲು ಕೋರ್ಟಿನಲ್ಲಿ ದಿನಕ್ಕೆ ಹತ್ತು ಸಲ ಓದಿಗೆ ಬರುತ್ತದೆ, ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. ಇದರ ಬದಲು ಹೀಗಿರಲಿ: '2025ರ ಮಾರ್ಚ್ 9, ಭಾನುವಾರ ರಾತ್ರಿ ಸುಮಾರು 9.30ಕ್ಕೆ ಅಡುಗೆಮನೆಯಲ್ಲಿ 1ನೇ ಎದುರುದಾರರು ನನ್ನ ಎಡಗೈ ತಿರುಚಿ ಗೋಡೆಗೆ ತಳ್ಳಿದರು. ನನ್ನ ಮಗಳು ಅಲ್ಲಿದ್ದಳು. ಮರುದಿನ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದೆ, ಚೀಟಿ ಲಗತ್ತಿಸಿದೆ.' ದಿನ, ಹೊತ್ತು, ಜಾಗ, ಯಾರು, ಏನು ಮಾಡಿದರು, ಯಾರು ನೋಡಿದರು, ಯಾವ ಕಾಗದವಿದೆ. ತಾರೀಖು ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ. 'ಯುಗಾದಿಯ ಹಿಂದಿನ ವಾರ' ಎಂದು ನಿಜ ಬರೆಯುವುದು ಮೇಲು. ಊಹಿಸಿದ ತಾರೀಖಿನಂದು ಆತ ಬೇರೆ ಊರಿನಲ್ಲಿದ್ದ ಎಂದು ಬಸ್ ಟಿಕೆಟ್ ತೋರಿಸಿದರೆ ನಿಜವಾದ ಹತ್ತು ಘಟನೆಗಳೂ ಅನುಮಾನಕ್ಕೆ ಬೀಳುತ್ತವೆ.

ಇತ್ತೀಚಿನ ಘಟನೆ ಮೊದಲು ಬರಲಿ. ಆಮೇಲೆ ಅತ್ಯಂತ ಗಂಭೀರವಾದ ಎರಡು ಮೂರು. ಹಳೆಯದೆಲ್ಲ ಒಂದು ಪ್ಯಾರಾದಲ್ಲಿ ಮುಗಿಯಲಿ. ಹತ್ತು ವರ್ಷದ ಸಂಸಾರವನ್ನು ನಲವತ್ತು ಪುಟಕ್ಕೆ ಹಿಗ್ಗಿಸಿದರೆ ಈಗಿನ ಅಪಾಯ ಅದರಲ್ಲಿ ಮುಳುಗಿಹೋಗುತ್ತದೆ. ಇಂದೇ ಆದೇಶ ಬೇಕು ಎನ್ನುವುದಕ್ಕೆ ಆಧಾರ ಕಳೆದ ವಾರ ನಡೆದದ್ದು. 'ತಡವಾಗಿ ಬಂದಿರಿ, ಒಂದು ವರ್ಷದ ಕಾಲಮಿತಿ ಮುಗಿಯಿತು' ಎಂಬ ಆಕ್ಷೇಪ ಬಂದರೆ ಹೆದರಬೇಕಿಲ್ಲ. 12ನೇ ಕಲಮಿನ ಅರ್ಜಿಗೆ ಆ ಮಿತಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟೇ 2022ರಲ್ಲಿ ಇನ್ನೊಂದು ಪ್ರಕರಣದಲ್ಲಿ ಹೇಳಿದೆ.

ಎದುರುದಾರರ ಪಟ್ಟಿ ಚಿಕ್ಕದಿರಲಿ. ಸಿಟ್ಟಿನಲ್ಲಿ ಗಂಡನ ದೊಡ್ಡಪ್ಪ, ಚಿಕ್ಕಮ್ಮ, ದೂರದ ಊರಿನ ನಾದಿನಿಯ ಗಂಡನವರೆಗೂ ಹೆಸರು ಸೇರಿಸುವವರಿದ್ದಾರೆ. ಪ್ರತಿಯೊಬ್ಬರಿಗೂ ನೋಟಿಸ್ ತಲುಪಬೇಕು, ಒಬ್ಬರಿಗೆ ತಲುಪದಿದ್ದರೂ ಮುದ್ದತು ಮುಂದಕ್ಕೆ ಹೋಗುತ್ತದೆ. ಬೆಂಗಳೂರಿನ ಕೋರ್ಟಿನಲ್ಲಿ ಹೀಗೆ ಹದಿನಾಲ್ಕು ಮಂದಿಯನ್ನು ಸೇರಿಸಿದ್ದ ಅರ್ಜಿಯೊಂದು 2020ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಗಂಡ ಮತ್ತು ಅತ್ತೆ ಮಾವಂದಿರ ಮೇಲೆ ಮಾತ್ರ ಉಳಿಯಿತು. ನಿರ್ದಿಷ್ಟ ಆರೋಪ ಇಲ್ಲದ ಉಳಿದ ನೆಂಟರ ಮೇಲಿನ ಅರ್ಜಿ ರದ್ದಾಯಿತು. ಒಬ್ಬರ ಹೆಸರು ಬರೆಯುವ ಮುನ್ನ, ಅವರು ಏನು ಮಾಡಿದರು ಎಂದು ಒಂದು ಪೂರ್ತಿ ವಾಕ್ಯ ಬರೆಯಲು ಆಗುತ್ತದೆಯೇ ನೋಡಿ. ಆಗದಿದ್ದರೆ ಬಿಡಿ.

ಇನ್ನು ಏನು ಬೇಕೆಂದು ಕೇಳುವ ಭಾಗ. ಸಂರಕ್ಷಣಾ ಆದೇಶ ಸಿಗುವುದು 18ನೇ ಕಲಮಿನಲ್ಲಿ. ದೌರ್ಜನ್ಯ ಎಸಗದಂತೆ, ಅದಕ್ಕೆ ಕುಮ್ಮಕ್ಕು ಕೊಡದಂತೆ, ನೀವು ಕೆಲಸ ಮಾಡುವ ಜಾಗಕ್ಕೆ, ಮಗುವಿನ ಶಾಲೆಗೆ, ನೀವು ಹೆಚ್ಚಾಗಿ ಹೋಗುವ ಜಾಗಗಳಿಗೆ ಬಾರದಂತೆ, ಯಾವುದೇ ರೀತಿಯಲ್ಲಿ ಸಂಪರ್ಕಿಸದಂತೆ, ಜಂಟಿ ಖಾತೆ, ಲಾಕರ್, ಸ್ತ್ರೀಧನ ಮುಟ್ಟದಂತೆ, ನಿಮಗೆ ನೆರವಾದವರಿಗೆ ತೊಂದರೆ ಕೊಡದಂತೆ ತಡೆಯಬಹುದು. 'ಕೆಲಸದ ಜಾಗ' ಎಂದಷ್ಟೇ ಬರೆಯದೆ ಗಾರ್ಮೆಂಟ್ಸ್ ಘಟಕದ ಹೆಸರು, ರಸ್ತೆ ಬರೆಯಿರಿ. ಶಾಲೆಯ ಹೆಸರು ಬರೆಯಿರಿ. ಯಾವ ಯಾವ ಫೋನ್ ನಂಬರಿನಿಂದ ಕಾಟ ಬರುತ್ತಿದೆಯೋ ಅವೂ ಇರಲಿ.

ಮನೆಯ ವಿಷಯ 19ನೇ ಕಲಮು. ಮನೆ ಯಾರ ಹೆಸರಿನಲ್ಲಿದೆ ಎಂಬುದು ನಿಮ್ಮ ವಾಸದ ಹಕ್ಕನ್ನು ತೀರ್ಮಾನಿಸುವುದಿಲ್ಲ; ಮಾವನ ಹೆಸರಿನ ಮನೆಯೂ ಒಟ್ಟಿಗೆ ಬಾಳಿದ ಮನೆಯಾಗಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿ ತನ್ನ ಹಳೆಯ ತೀರ್ಪನ್ನು ಬದಿಗಿಟ್ಟಿತು. ಹೊರಹಾಕದಂತೆ, ಮನೆ ಮಾರದಂತೆ, ಅಷ್ಟೇ ಅನುಕೂಲದ ಬೇರೆ ಮನೆಗೆ ಬಾಡಿಗೆ ಕೊಡುವಂತೆ ಕೇಳಬಹುದು. ಗಂಡನೇ ಮನೆ ಬಿಡುವಂತೆಯೂ ಕೇಳಬಹುದು. ಆದರೆ ಹೆಂಗಸನ್ನು ಮನೆ ಬಿಡಿಸುವ ಆದೇಶ ಈ ಕಲಮಿನಲ್ಲಿ ಸಿಗದು, ಆದ್ದರಿಂದ ಅತ್ತೆಯನ್ನು ಹೊರಗೆ ಕಳಿಸಿ ಎಂದು ಕೇಳಿ ಸಮಯ ಕಳೆಯಬೇಡಿ. ಒಡವೆ, ಪಾತ್ರೆ, ಪ್ರಮಾಣಪತ್ರಗಳನ್ನು ವಾಪಸ್ ಕೇಳುವುದಿದ್ದರೆ ಪಟ್ಟಿ ಮಾಡಿ: ಎಷ್ಟು ಗ್ರಾಂ, ಯಾವ ಸರ, ಮದುವೆ ಫೋಟೋದಲ್ಲಿ ಕಾಣುತ್ತದೆಯೇ, ರಸೀದಿ ಇದೆಯೇ.

ಖರ್ಚಿಗೆ ಹಣ ಕೇಳಿದರೆ, ಅದು 20ನೇ ಕಲಮು, ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರವೂ (ಅಫಿಡವಿಟ್) ಬೇಕು. 2020ರ ಇನ್ನೊಂದು ತೀರ್ಪಿನ ನಂತರ ಜೀವನಾಂಶದ ವಿಷಯದಲ್ಲಿ ಎರಡೂ ಕಡೆಯವರು ಇದನ್ನು ಕೊಡಲೇಬೇಕು. ನಿಮಗೆ ಸಣ್ಣ ಸಂಬಳವಿದ್ದರೆ ಮುಚ್ಚಿಡಬೇಡಿ. ಸಂಬಳ ಇದ್ದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ. ಮುಚ್ಚಿಟ್ಟದ್ದು ಬಯಲಾದರೆ ಮಾತ್ರ ಇಡೀ ಅರ್ಜಿಗೆ ಪೆಟ್ಟು. ವಿಚ್ಛೇದನ, ಕ್ರಿಮಿನಲ್ ದೂರು, ಬೇರೆ ಜೀವನಾಂಶದ ಕೇಸು ನಡೆಯುತ್ತಿದ್ದರೆ ಅದನ್ನು ಬರೆಯಲು ನಮೂನೆಯಲ್ಲೇ ಜಾಗವಿದೆ.

ಕೊನೆಯದಾಗಿ ನಮೂನೆ-3. ಅರ್ಜಿಯ ಜೊತೆ ಈ ಅಫಿಡವಿಟ್ ಇಲ್ಲದಿದ್ದರೆ 23ನೇ ಕಲಮಿನ ಮಧ್ಯಂತರ ಆದೇಶ, ಅಂದರೆ ಕೇಸು ಮುಗಿಯುವ ಮುನ್ನವೇ ಕೊಡುವ ಆದೇಶ, ಮೊದಲ ದಿನ ಸಿಗುವುದು ಕಷ್ಟ. ಎದುರುದಾರನಿಗೆ ತಿಳಿಸುವ ಮುನ್ನವೇ ಆದೇಶ ಯಾಕೆ ಬೇಕು ಎಂದು ಇದರಲ್ಲಿ ಬಿಡಿಸಿ ಹೇಳಿ: 'ನೋಟಿಸ್ ಕೈಗೆ ಸಿಕ್ಕಿದ ದಿನ ಹಲ್ಲೆ ಮಾಡುವ ಭಯವಿದೆ, ಫೆಬ್ರುವರಿಯಲ್ಲಿ ಠಾಣೆಗೆ ದೂರು ಕೊಟ್ಟ ಸಂಜೆ ಹಾಗೆಯೇ ಆಯಿತು' ಎಂಬಂತೆ.

ಕಾಗದ ಪತ್ರ

ಆಸ್ಪತ್ರೆಗೆ ಹೋದಾಗ ವೈದ್ಯರಿಗೆ ನಿಜ ಹೇಳಿ. ಮುಜುಗರಕ್ಕೆ 'ಬಚ್ಚಲಲ್ಲಿ ಜಾರಿ ಬಿದ್ದೆ' ಎಂದದ್ದು ಚೀಟಿಯಲ್ಲಿ ಉಳಿಯುತ್ತದೆ, ಪಾಟೀಸವಾಲಿನ ದಿನ ಎದುರು ವಕೀಲರು ಅದನ್ನೇ ಓದಿಸುತ್ತಾರೆ. ಈಗಾಗಲೇ ಹಾಗೆ ಹೇಳಿಬಿಟ್ಟಿದ್ದರೆ ಯಾಕೆ ಹೇಳಿದಿರಿ ಎಂದು ಅರ್ಜಿಯಲ್ಲೇ ಒಪ್ಪಿಕೊಳ್ಳಿ. ಠಾಣೆಯಲ್ಲಿ ಎಫ್‌ಐಆರ್ ಮಾಡದೆ ರಾಜಿ ಮಾಡಿಸಿ ಕಳಿಸಿದ್ದರೂ ಎನ್‌ಸಿಆರ್ (ಎಫ್‌ಐಆರ್ ಆಗದ ದೂರಿನ ದಾಖಲೆ) ಅಥವಾ ಹಿಂಬರಹ ಕೇಳಿ ಪಡೆಯಿರಿ. ಆ ದಿನ ನೀವು ಠಾಣೆಗೆ ಹೋಗಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ವಾಟ್ಸಾಪ್ ಮೆಸೇಜುಗಳ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದರೆ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ನೀವು ತುಂಬುವ ಭಾಗ ಒಂದು, ತಜ್ಞರು ತುಂಬುವ ಭಾಗ ಇನ್ನೊಂದು. ಮೊದಲ ದಿನವೇ ಇದು ಸಿದ್ಧವಿಲ್ಲದಿದ್ದರೂ ನಡೆಯುತ್ತದೆ, ಸಾಕ್ಷ್ಯದ ಹಂತಕ್ಕೆ ಬೇಕೇ ಬೇಕು. ಅಲ್ಲಿಯವರೆಗೆ ಫೋನ್ ಬದಲಾಯಿಸಬೇಡಿ, ಚಾಟ್ ಅಳಿಸಬೇಡಿ. ಫೋನಿನ ಪಾಸ್‌ವರ್ಡ್ ಆತನಿಗೆ ಗೊತ್ತಿದ್ದರೆ ನಂಬಿಕಸ್ತರ ಫೋನಿಗೆ ಒಂದು ನಕಲು ಕಳಿಸಿಡಿ.

ಎಷ್ಟು ಪ್ರತಿ? ಕೋರ್ಟಿಗೆ ಒಂದು, ಒಬ್ಬೊಬ್ಬ ಎದುರುದಾರರಿಗೂ ಒಂದೊಂದು, ಸಂರಕ್ಷಣಾಧಿಕಾರಿಗೆ ಒಂದು, ನಿಮಗೊಂದು. ಎದುರುದಾರ ಒಬ್ಬನೇ ಆದರೆ ನಾಲ್ಕು. ಇನ್ನೊಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು: ನೀವು ಬರೆದದ್ದೆಲ್ಲ ಆತನ ಕೈ ಸೇರುತ್ತದೆ. ಈಗ ಉಳಿದುಕೊಂಡಿರುವ ಜಾಗ ಆತನಿಗೆ ತಿಳಿಯಬಾರದು ಎಂದಿದ್ದರೆ ಅದನ್ನು ಅರ್ಜಿಯಲ್ಲಿ ಬರೆಯದೆ, ಪತ್ರವ್ಯವಹಾರಕ್ಕೆ ಸಂರಕ್ಷಣಾಧಿಕಾರಿಯ ಕಚೇರಿಯ ವಿಳಾಸ ಕೊಡಲು ಅನುಮತಿ ಕೇಳಿ.

ಕೋರ್ಟಿನೊಳಗೆ

ಅರ್ಜಿ ಸಲ್ಲಿಸಿದ ಮೇಲೆ ಕ್ರಿಮಿನಲ್ ಮಿಸಲೇನಿಯಸ್ ನಂಬರು ಬೀಳುತ್ತದೆ. ಜೊತೆಗೆ ಹದಿನಾರು ಅಕ್ಷರದ ಸಿಎನ್‌ಆರ್ ನಂಬರು. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ಮುದ್ದತು ಯಾವತ್ತು ಎಂದು ಇ-ಕೋರ್ಟ್ಸ್ ಆ್ಯಪ್‌ನಲ್ಲೇ ನೋಡಬಹುದು. ಕಾಯ್ದೆ ಪ್ರಕಾರ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, ಇಡೀ ಅರ್ಜಿ ಮೊದಲ ವಿಚಾರಣೆಯಿಂದ ಅರವತ್ತು ದಿನದೊಳಗೆ ಮುಗಿಸಲು ಯತ್ನಿಸಬೇಕು. ಮೂರು ದಿನದ ಮಾತನ್ನು ಶಿರಸ್ತೇದಾರರಿಗೆ ನೆನಪಿಸಬಹುದು. ಅರವತ್ತು ದಿನವನ್ನು ನಂಬಿಕೊಂಡು ಮನೆ ಬಾಡಿಗೆ ಲೆಕ್ಕ ಹಾಕಬೇಡಿ. ಮಧ್ಯಂತರ ಆದೇಶವೇ ಮುಖ್ಯ ಎನ್ನುವುದು ಇದಕ್ಕಾಗಿಯೇ.

ಹೆಸರು ಕೂಗಿದಾಗ ಹೇಳಬೇಕಾದದ್ದು ಮೂರೇ ಮಾತು: ನಾನೇ ಅರ್ಜಿದಾರಳು, ವಕೀಲರಿಲ್ಲ, 23ನೇ ಕಲಮಿನಲ್ಲಿ ಮಧ್ಯಂತರ ಆದೇಶ ಕೇಳಿದ್ದೇನೆ. ನ್ಯಾಯಾಧೀಶರು ಕೇಳಿದರೆ ಇತ್ತೀಚಿನ ಘಟನೆಯನ್ನು ಎರಡು ನಿಮಿಷದಲ್ಲಿ ಹೇಳಿ. ಎಲ್ಲರೆದುರು ಹೇಳಲಾಗದ ವಿಷಯವಿದ್ದರೆ 16ನೇ ಕಲಮಿನಂತೆ ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಕೇಳಬಹುದು.

ನೋಟಿಸ್ ತಲುಪಿಸುವ ಹೊಣೆ ಸಂರಕ್ಷಣಾಧಿಕಾರಿಯದು, ಎರಡು ದಿನದ ಒಳಗೆ ಅಥವಾ ಕೋರ್ಟು ಕೊಟ್ಟ ಹೆಚ್ಚುವರಿ ಅವಧಿಯೊಳಗೆ. ಹೆಚ್ಚಿನ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 'ಬಾಗಿಲು ಹಾಕಿತ್ತು', 'ಮನೆ ಬಿಟ್ಟಿದ್ದಾರೆ' ಎಂಬ ಷರಾ ಬರೆದು ನೋಟಿಸ್ ಹಿಂದಿರುಗುತ್ತದೆ. ಮನೆಯ ವಿಳಾಸದ ಜೊತೆ ಕೆಲಸದ ಜಾಗದ ವಿಳಾಸವನ್ನೂ ಮೊದಲೇ ಕೊಡಿ, ಅಲ್ಲಿಗೂ ತಲುಪಿಸಬಹುದು. ಕೈಗೆ ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸಲೂ ನಿಯಮ ಅವಕಾಶ ಕೊಡುತ್ತದೆ, ಹಾಗೆ ಮಾಡಿಸಿ ಎಂದು ಕೋರ್ಟನ್ನು ಕೇಳಿ. ನೋಟಿಸ್ ತಲುಪಿಯೂ ಆತ ಬಾರದಿದ್ದರೆ ಏಕಪಕ್ಷೀಯವಾಗಿ ಮುಂದುವರಿಯಬಹುದು. ನೀವು ಬಾರದಿದ್ದರೆ ಮಾತ್ರ ಅರ್ಜಿ ವಜಾ ಆಗುವ ಅಪಾಯವಿದೆ. ಜ್ವರ ಬಂದಿದ್ದರೂ ಯಾರನ್ನಾದರೂ ಕಳಿಸಿ ತಿಳಿಸಿ.

ಕೋರ್ಟು ಆಪ್ತ ಸಮಾಲೋಚನೆಗೆ ಕಳಿಸಬಹುದು. ಅಲ್ಲಿ ತನ್ನ ಹೊಡೆತಕ್ಕೆ ಸಮರ್ಥನೆ ಕೊಡಲು ಎದುರುದಾರನಿಗೆ ಅವಕಾಶವಿಲ್ಲ ಎಂದು ನಿಯಮ ಹೇಳುತ್ತದೆ. ರಾಜಿ ಬೇಡವೆನ್ನುವ ಹಕ್ಕು ನಿಮಗಿದೆ. ರಾಜಿಯಾದರೂ ಅರ್ಜಿ ಹಿಂಪಡೆಯುವ ಬದಲು ರಾಜಿಯ ಷರತ್ತುಗಳನ್ನೇ ಆದೇಶದಲ್ಲಿ ಬರೆಸಿಕೊಳ್ಳುವುದು ಜಾಣತನ. ಹಿಂಪಡೆದ ಮೇಲೆ ಕೈಯಲ್ಲಿ ಉಳಿಯುವುದು ಬರೀ ಮಾತು.

ಅರ್ಜಿಯಲ್ಲಿ ಏನೋ ಬಿಟ್ಟುಹೋಗಿದೆ ಎಂದು ಆಮೇಲೆ ಹೊಳೆದರೆ ತಿದ್ದುಪಡಿ ಕೇಳಬಹುದು. ಇದು ಸ್ವಭಾವದಲ್ಲಿ ಸಿವಿಲ್ ವ್ಯವಹಾರ, ತಿದ್ದುಪಡಿಗೆ ಅಡ್ಡಿಯಿಲ್ಲ ಎಂದು 2016ರಲ್ಲೇ ಇತ್ಯರ್ಥವಾಗಿದೆ. ಆದರೆ ಆತ ವಕೀಲರನ್ನಿಟ್ಟು ತಕರಾರು ಸಲ್ಲಿಸಿ, ಪಾಟೀಸವಾಲಿನ ಹಂತ ಬಂದರೆ, ಅಥವಾ ಮಕ್ಕಳ ಸುಪರ್ದಿ, ಆಸ್ತಿ ನಡುವೆ ಬಂದರೆ, ಒಬ್ಬರೇ ಹೋರಾಡುವ ಹಟ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅದನ್ನು ಹಕ್ಕಾಗಿ ಕೊಟ್ಟಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಕೇಸಿನ ಮಧ್ಯದಲ್ಲೂ ಪಡೆಯಬಹುದು.

ಆದೇಶ ಕೈಗೆ ಬಂದ ಮೇಲೆ

ಆದೇಶದ ಪ್ರತಿ ಉಚಿತ. ಠಾಣೆಗೂ ಒಂದು ಪ್ರತಿ ಹೋಗಬೇಕು, ಆದರೆ ಅದು ತಾನಾಗಿ ತಲುಪುತ್ತದೆ ಎಂದು ಕಾಯಬೇಡಿ. ನಿಮ್ಮ ಮನೆ ಬರುವ ಠಾಣೆಗೆ ನೀವೇ ಒಂದು ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಶಾಲೆಯ ಮುಖ್ಯೋಪಾಧ್ಯಾಯರಿಗೊಂದು, ಕೆಲಸದ ಜಾಗದ ಭದ್ರತಾ ಸಿಬ್ಬಂದಿಗೊಂದು. ಫೋನಿನಲ್ಲಿ ಫೋಟೋ ಇರಲಿ.

ಉಲ್ಲಂಘಿಸಿದರೆ 31ನೇ ಕಲಮು: ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಜಾಮೀನುರಹಿತ ಅಪರಾಧ. ಪೊಲೀಸರು ಕೋರ್ಟಿನ ಅನುಮತಿಗೆ ಕಾಯದೆ ಎಫ್‌ಐಆರ್ ದಾಖಲಿಸಬಹುದು, ಆದ್ದರಿಂದ 'ಕೋರ್ಟಿಗೇ ಹೋಗಿ' ಎಂಬ ಉತ್ತರ ಒಪ್ಪಬೇಡಿ. ಹೇಳಿಕೆ ಲಿಖಿತವಾಗಿರಲಿ, ಆದೇಶದ ಎಷ್ಟನೇ ಸಾಲನ್ನು, ಯಾವ ದಿನ, ಎಷ್ಟು ಹೊತ್ತಿಗೆ, ಹೇಗೆ ಮುರಿದ ಎಂದು ಬರೆದು ಆದೇಶದ ಪ್ರತಿ ಲಗತ್ತಿಸಿ. ಸಂರಕ್ಷಣಾಧಿಕಾರಿಗೂ ಕೊಡಬಹುದು, ನೇರವಾಗಿ ಮ್ಯಾಜಿಸ್ಟ್ರೇಟರಿಗೂ ಕೊಡಬಹುದು. ನಿಮ್ಮೊಬ್ಬರ ಸಾಕ್ಷ್ಯದ ಮೇಲೆಯೇ ಅಪರಾಧ ನಡೆದಿದೆ ಎಂದು ಕೋರ್ಟು ತೀರ್ಮಾನಿಸಬಹುದು. ಒಂದು ಎಚ್ಚರ: 31ನೇ ಕಲಮು ಹೇಳುವುದು ಸಂರಕ್ಷಣಾ ಆದೇಶದ ಉಲ್ಲಂಘನೆಯ ಬಗ್ಗೆ. ಜೀವನಾಂಶದ ಬಾಕಿ ವಸೂಲಿಯ ದಾರಿಯೇ ಬೇರೆ. ಸಂಬಳ ಕೊಡುವವರಿಂದ ನೇರವಾಗಿ ಕಡಿತ ಮಾಡಿಸುವಂತೆ 20ನೇ ಕಲಮಿನಲ್ಲೇ ಕೇಳಬಹುದು.

ಆದೇಶ ಒಪ್ಪಿಗೆಯಾಗದಿದ್ದರೆ ಮೂವತ್ತು ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ, ಎರಡೂ ಕಡೆಯವರಿಗೆ. ಆತ ಮೇಲ್ಮನವಿ ಹಾಕಿದ ಮಾತ್ರಕ್ಕೆ ನಿಮ್ಮ ಆದೇಶ ನಿಲ್ಲುವುದಿಲ್ಲ, ತಡೆಯಾಜ್ಞೆ ಬಂದರೆ ಮಾತ್ರ.

ಸಂರಕ್ಷಣಾ ಆದೇಶಕ್ಕೆ ಮುಗಿಯುವ ತಾರೀಖಿಲ್ಲ. ನೀವೇ ಬಂದು ಸಾಕು ಎನ್ನುವವರೆಗೆ ನಡೆಯುತ್ತದೆ, ಪರಿಸ್ಥಿತಿ ಬದಲಾದರೆ 25ನೇ ಕಲಮಿನಲ್ಲಿ ನೀವಾಗಲಿ ಎದುರುದಾರನಾಗಲಿ ಬದಲಾವಣೆ ಕೇಳಬಹುದು. ಮನೆ ಬದಲಾಯಿಸಿದಾಗ, ಮಗು ಶಾಲೆ ಬದಲಾಯಿಸಿದಾಗ, ಹೊಸ ಕೆಲಸಕ್ಕೆ ಸೇರಿದಾಗ ಈ ಅರ್ಜಿಯನ್ನು ಮರೆಯುತ್ತಾರೆ. ಆಗ ಆದೇಶ ಜೀವಂತವಾಗಿಯೇ ಇರುತ್ತದೆ, ಆದರೆ ಅದರಲ್ಲಿರುವುದು ನೀವು ಬಿಟ್ಟುಬಂದ ಹಳೆಯ ಮನೆಯ ವಿಳಾಸ.